ಆದಿ ತಾಯಿಯ ರವಿಕೆ

ಗುಂಡ್ಲುಪೇಟೆ
9 ಆಗಸ್ಟ್ 2024

ಹಾರಿಸ್,

ಕ್ಷೇಮ ವಿಚಾರಿಸುವ ಸ್ಥಿತಿಯಲ್ಲಿ ನಾನಿಲ್ಲ. ಫೋನ್ ಮಾಡಿದರೆ ನೀನು ನಗುತ್ತೀಯ, ನಾನು ಬೈಯುತ್ತೇನೆ, ಆಮೇಲೆ ಇಬ್ಬರೂ ಸಂಘಟನೆಯ ಪೋಸ್ಟರ್ ಅಂಟಿಸಿದ ದಿನಗಳ ಮಾತಿಗೆ ಜಾರಿಬಿಡುತ್ತೇವೆ. ವಾಟ್ಸಾಪಿನಲ್ಲಿ ಬರೆದದ್ದನ್ನು ಅಳಿಸಬಹುದು. ಅದಕ್ಕೇ ಕಾಗದ. ಉತ್ತರವನ್ನೂ ಕಾಗದದಲ್ಲೇ ಕೊಡು.

ಮೊನ್ನೆ ನಮ್ಮ ಶಾಲೆಯಲ್ಲಿ ಶಿವಮೂರ್ತಿ ಮೇಷ್ಟ್ರು ಒಂಬತ್ತನೇ ಕ್ಲಾಸಿಗೆ ಮನುಷ್ಯ ಹುಟ್ಟಿದ ಕಥೆ ಹೇಳುತ್ತಿದ್ದರು. ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಎಲ್ಲೋ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಚಿನ್ನದ ನಾಣ್ಯಗಳ ಜಾಹೀರಾತು. 'ಮಾನವ ಮೂಲ' ಅಂತ ಐದು ನಾಣ್ಯ. ಕಲ್ಲಾಗಿ ಹೋದ ಹೆಜ್ಜೆ, ಕಲ್ಲಾಗಿ ಹೋದ ದವಡೆ, ಕಲ್ಲುಗೊಡಲಿ, ಬೆಂಕಿ, ಕೊನೆಗೆ 'ಆದಿ ತಾಯಿ'. ನಾನು ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮ ಕಾಲೊನಿಯ ಹುಡುಗನೊಬ್ಬ ಕಿರುಚಿದ್ದು ಗೋಡೆ ದಾಟಿ ಬಂತು.

'ಲೇ, ನಮ್ ಸಿದ್ದಜ್ಜಿ ಕಣ್ಲಾ!'

ಹಿಂದಿನ ಬೆಂಚಿನಿಂದ ಇನ್ನೊಬ್ಬ ಹೇಳಿದ: 'ಕೋತಿಗೆ ಚಿನ್ನ ಮೆತ್ತವ್ರೆ ಕಣ್ಲಾ.'

ಇಡೀ ಕ್ಲಾಸು ನಕ್ಕಿತು. ನಾನು ಹೋಗಿ ನೋಡಿದೆ. ಶಿವಮೂರ್ತಿ ಮೇಷ್ಟ್ರು ಪರದೆ ಆರಿಸಲು ಗುಂಡಿ ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ. ಅಷ್ಟು ಹೊತ್ತು ಆ ಮುಖ ಅಲ್ಲೇ ಇತ್ತು. ದವಡೆಯನ್ನು ಮುಂದಕ್ಕೆ ಎಳೆದಿದ್ದಾರೆ, ಹಣೆಯನ್ನು ಹಿಂದಕ್ಕೆ ತಳ್ಳಿದ್ದಾರೆ. ಆದರೆ ಎಡಹುಬ್ಬಿನ ಮೇಲಿನ ಕಲ್ಲೇಟಿನ ಗೆರೆ ಹಾಗೇ ಇದೆ. ಮುಂದಿನ ಹಲ್ಲಿನ ಮುರುಕು ಹಾಗೇ ಇದೆ. ತೆರೆದ ಬಾಯಿ ಹಾಗೇ ಇದೆ. ಆ ಬಾಯಿ ಯಾವತ್ತು, ಎಲ್ಲಿ, ಯಾರ ಮುಂದೆ ತೆರೆದದ್ದು ಅಂತ ನನಗೆ ಗೊತ್ತು. ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದಿದ್ದವನು ನೀನು.

ನೀನು ಮುಂಬೈಯಲ್ಲಿ ನಾಣ್ಯದ ಅಚ್ಚು ಕೆತ್ತುವ ಕೆಲಸದಲ್ಲಿದ್ದೀಯ ಅಂತಲೂ ಗೊತ್ತು.

ಒಂದೇ ಪ್ರಶ್ನೆ. ಅದು ನನ್ನ ಅವ್ವನಾ, ಅಲ್ಲವಾ?

ಶಿವರಂಜಿನಿ


ಮುಂಬೈ
20 ಆಗಸ್ಟ್ 2024

ಪ್ರೀತಿಯ ರಂಜು,

ಕಾಗದ ನೋಡಿ ಖುಷಿಯಾಯಿತು. ಎಷ್ಟು ವರ್ಷವಾಯಿತು ನಿನ್ನ ಅಕ್ಷರ ನೋಡಿ! ಅದೇ ಸಿಟ್ಟು, ಅದೇ ಉದ್ದ ಗೀಟು. ಸಿಟ್ಟಿನ ನಾಟಕ ಮಾಡುತ್ತಿದ್ದೀಯ ಅಂದುಕೊಳ್ಳುತ್ತೇನೆ.

ಹೌದು, ಸಿದ್ದವ್ವನೇ. ಮತ್ತಿನ್ಯಾರು?

ಹೇಗಾಯಿತು ಅಂತ ಹೇಳುತ್ತೇನೆ, ಕೇಳು. ಇಂಥ ನಾಣ್ಯಕ್ಕೆ ನಾವು ಮೊದಲು ಜೇಡಿಮಣ್ಣಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಮುಖ ಮಾಡುತ್ತೇವೆ. ಅದನ್ನು ಯಂತ್ರ ಅಳೆದು, ಕುಗ್ಗಿಸಿ, ಉಕ್ಕಿನ ಅಚ್ಚಿಗೆ ಇಳಿಸುತ್ತದೆ. ಕಂಪನಿಯವರು ಒಂದು ತಲೆಬುರುಡೆಯ ಅಳತೆ ತಂದುಕೊಟ್ಟರು. ಕೆನ್ನೆಮೂಳೆ ಇಷ್ಟು, ಹುಬ್ಬಿನ ದಿಣ್ಣೆ ಇಷ್ಟು. ಮೂಳೆಗೆ ಅಳತೆ ಇದೆ, ಆದರೆ ನೋಟಕ್ಕೆ ಎಲ್ಲಿದೆ? ನಾನು ಮಾಡಿದ ಎರಡು ಮುಖ ತಿರಸ್ಕಾರವಾದವು. 'ಜೀವ ಇಲ್ಲ' ಅಂದರು. ಆಗ ನನಗೆ ತಾಲ್ಲೂಕು ಕಚೇರಿ ಮುಂದೆ ತೆಗೆದ ಆ ಫೋಟೋ ನೆನಪಾಯಿತು. ಮಣ್ಣು ತಾನಾಗೇ ಎದ್ದು ಬಂತು ರಂಜು. ಯಜಮಾನರು ನೋಡಿ ಎದ್ದು ನಿಂತರು.

ನಾವು ಓದಿದ್ದು ನೆನಪಿದೆಯಾ? ಎಲ್ಲರೂ ಒಬ್ಬಳೇ ತಾಯಿಯ ಮಕ್ಕಳು. ಮೂಳೆಗೆ ಜಾತಿ ಇಲ್ಲ, ಮತ ಇಲ್ಲ. ಇದನ್ನು ಭಾಷಣದಲ್ಲಿ ಹೇಳುತ್ತಿದ್ದೆವು, ಕರಪತ್ರದಲ್ಲಿ ಹಂಚುತ್ತಿದ್ದೆವು, ಜನ ಅದರಲ್ಲಿ ಬೋಂಡ ಕಟ್ಟಿಸಿಕೊಳ್ಳುತ್ತಿದ್ದರು. ಈಗ ಅದು ಚಿನ್ನದ ಮೇಲೆ ಕೂತಿದೆ. ದೊಡ್ಡ ದೊಡ್ಡ ಮನೆಯವರು ಸಿದ್ದವ್ವನನ್ನು ಮಖಮಲ್ಲಿನ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ. ಅವರ ಪೂಜೆಯ ಕೋಣೆಗೆ, ಬೀರುವಿಗೆ ಅವಳು ನಡೆದು ಹೋಗುತ್ತಾಳೆ. ಇದಕ್ಕಿಂತ ದೊಡ್ಡ ಪ್ರವೇಶ ಯಾವುದು?

ಸಿದ್ದವ್ವನಿಗೆ ತೋರಿಸಿದೆಯಾ? ಏನಂದಳು? ನಾನೇ ಬಂದು ಹೇಳಬೇಕು ಅಂತ ಕಾದಿದ್ದೆ, ನಿನ್ನ ಮೇಷ್ಟ್ರು ಕೆಡಿಸಿಬಿಟ್ಟರು.

ನಿನ್ನ
ಹಾರಿಸ್


ಗುಂಡ್ಲುಪೇಟೆ
29 ಆಗಸ್ಟ್ 2024

ಹಾರಿಸ್,

ನಾಟಕವಲ್ಲ. ಓದು.

ಮೂಳೆಗೆ ಜಾತಿ ಇಲ್ಲ, ಒಪ್ಪಿದೆ. ಆ ಮೂಳೆಗೆ ಚರ್ಮ ಹೊದಿಸುವಾಗ ನಿನ್ನ ಕಣ್ಣಿಗೆ ಎಷ್ಟು ಮುಖಗಳಿದ್ದವು? ಎಲ್ಲರೂ ಒಬ್ಬಳೇ ತಾಯಿಯ ಮಕ್ಕಳಾದರೆ ನಿನ್ನ ಯಜಮಾನನ ಹೆಂಡತಿಯೂ ಅವಳ ಮಗಳೇ. ಆಕೆಯ ಮುಖವನ್ನು ಯಾಕೆ ತರಲಿಲ್ಲ? ಆ ತಲೆಬುರುಡೆ ಅಳೆದ ಪಂಡಿತನ ಅಕ್ಕನನ್ನು? ಅವರ ದವಡೆ ಎಳೆದು, ಹಣೆ ತಟ್ಟಿ, 'ಮೇಡಂ, ನೀವೇ ಆದಿ ತಾಯಿ' ಅಂತ ಮಣ್ಣಿನ ತಟ್ಟೆ ಹಿಡಿದು ನಿಲ್ಲು ನೋಡೋಣ. ಸಂಜೆಗೆ ನಿನ್ನ ಚೀಲ ರಸ್ತೆಗೆ ಬೀಳುತ್ತದೆ. ಕಾಡುಹೆಂಗಸಿಗೆ ಮುಖ ಬೇಕು ಅಂದ ತಕ್ಷಣ ನಿನ್ನ ಕೈ ನೇರವಾಗಿ ನಮ್ಮ ಕೇರಿಗೆ ಬಂತು. ಅದಕ್ಕೆ ದಾರಿ ತೋರಿಸಿದವರು ಯಾರು ಅಂತ ಒಂದು ಸಲ ಕೂತು ಯೋಚಿಸು.

ಆ ಜಾಹೀರಾತಿನಲ್ಲಿ ನಾಣ್ಯದ ಕೆಳಗೆ ಏನು ಬರೆದಿದ್ದಾರೆ ಓದಿದ್ದೀಯಾ? 'ಮಾತು ಹುಟ್ಟುವ ಮೊದಲಿನ ತಾಯಿ. ಕೂಗು ಮಾತ್ರ ಬಲ್ಲವಳು.'

ಕೂಗು ಮಾತ್ರ!

ಅವತ್ತು ಅವ್ವ ಏನು ಹೇಳುತ್ತಿದ್ದಳು ಅಂತ ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. 'ಮಸಣದ ದಾರಿ ಬಿಡಿ.' ನಮ್ಮ ಹೆಣ ಹೋಗುವ ದಾರಿಗೆ ಮುಳ್ಳುಬೇಲಿ ಹಾಕಿದ್ದರು. ಹುಚ್ಚಯ್ಯತಾತನ ಹೆಣವನ್ನು ಕೊರಕಲಿನಲ್ಲಿ ಇಳಿಸಿ ಹತ್ತಿಸಿ ಸಾಗಿಸಿದ್ದೆವು. ಕೇಳಲು ಹೋದಾಗ ಕಲ್ಲು ಬಿತ್ತು, ಅವ್ವನ ಹುಬ್ಬು ಒಡೆಯಿತು. ಆ ಗಾಯ ಆರುವ ಮೊದಲೇ ಅವಳು ತಾಲ್ಲೂಕು ಕಚೇರಿ ಮುಂದೆ ನಿಂತು ಆ ಮೂರು ಪದ ಹೇಳಿದಳು. ತಹಶೀಲ್ದಾರರು ಹೊರಗೆ ಬರುವವರೆಗೂ ಹೇಳಿದಳು. ಬೇಲಿ ಹೋಯಿತು. ಆ ದಾರಿ ಈಗಲೂ ಇದೆ. ಅವಳ ಬದುಕಿನಲ್ಲಿ ಸರ್ಕಾರ ಕೇಳಿಸಿಕೊಂಡ ಒಂದೇ ಒಂದು ಮಾತು ಅದು. ಅದನ್ನು ನೀವು ಚಿನ್ನದ ಮೇಲೆ ಒತ್ತಿ ಪ್ರಾಣಿಯ ಅರಚಾಟ ಮಾಡಿದಿರಿ.

ಇನ್ನೊಂದು. ಭುಜದ ಮೇಲೆ ಬಟ್ಟೆ ಇಲ್ಲ. ಅವ್ವನ ಭುಜ ಅದು. ಅದನ್ನು ಬರಿದು ಮಾಡಿದವರು ಯಾರು, ಯಂತ್ರವಾ?

ಅವ್ವನಿಗೆ ತೋರಿಸಿಲ್ಲ. ತೋರಿಸುವುದೂ ಇಲ್ಲ. ಚೆಂಡುಹೂವು ಬಿಡಿಸಲು ಬೆಳಗ್ಗೆಯೇ ಹೋಗುತ್ತಾಳೆ, ಅವಳ ಫೋನಿನಲ್ಲಿ ಇದೆಲ್ಲ ಬರುವುದಿಲ್ಲ. ಅಷ್ಟು ಪುಣ್ಯ.

ನನಗೆ ಬೇಕಾದದ್ದು ಇಷ್ಟೇ. ಈ ಮುಖ ಗುಂಡ್ಲುಪೇಟೆಯ ಪುಟ್ಟಸಿದ್ದಮ್ಮ ಅವರದು, ಅವರನ್ನು ಕೇಳದೆ ತೆಗೆದುಕೊಂಡದ್ದು ಅಂತ ನಿನ್ನ ಕಂಪನಿಗೆ ಬರೆದು ಕೊಡು. ಆ ನಾಣ್ಯದ ಮಾರಾಟ ನಿಲ್ಲಬೇಕು.

ಶಿವರಂಜಿನಿ


ಮುಂಬೈ
22 ಸೆಪ್ಟೆಂಬರ್ 2024

ಶಿವರಂಜಿನಿ ಅವರಿಗೆ,

ತಡವಾಯಿತು, ಕ್ಷಮೆ ಇರಲಿ. ವಿಷಯವನ್ನು ಮೇಲಿನವರ ಹತ್ತಿರ ಮಾತಾಡಿದ್ದೇನೆ. ಅವರು ವಕೀಲರನ್ನು ಕೇಳಿದ್ದಾರೆ. ನಾಣ್ಯದ ಮೇಲಿರುವ ಮುಖ ವೈಜ್ಞಾನಿಕ ಅಳತೆಗಳ ಆಧಾರದ ಮೇಲೆ ರೂಪಿಸಿದ ಕಲ್ಪನೆ, ಬದುಕಿರುವ ಯಾರನ್ನಾದರೂ ಹೋಲುತ್ತಿದ್ದರೆ ಅದು ಆಕಸ್ಮಿಕ ಎಂಬುದು ಕಂಪನಿಯ ನಿಲುವು. ಹಾಗೆಂದು ನಾನೂ ಸಹಿ ಮಾಡಿದ್ದೇನೆ. ಸಹಿ ಮಾಡದೆ ಇರುವಂತಿರಲಿಲ್ಲ. ಮಗಳು ಅಫ್ರೀನ್‌ಗೆ ಈ ವರ್ಷವೇ ಒಳ್ಳೆಯ ಶಾಲೆಯಲ್ಲಿ ಸೀಟು ಸಿಕ್ಕಿದೆ. ಈ ಊರಲ್ಲಿ ನಮ್ಮಂಥ ಹೆಸರಿನವರಿಗೆ ಬಾಡಿಗೆ ಮನೆ ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು, ಈ ಮನೆ ಕಂಪನಿ ಹೇಳಿ ಕೊಡಿಸಿದ್ದು.

ಭುಜದ ಬಗ್ಗೆ ಕೇಳಿದ್ದೀರಿ. ಅಷ್ಟು ಹಿಂದಿನ ಕಾಲದಲ್ಲಿ ಹೊಲಿದ ಬಟ್ಟೆ ಇರಲಿಲ್ಲ. ಫೋಟೋದಲ್ಲಿದ್ದದ್ದನ್ನು ತೆಗೆದದ್ದು ಕಾಲಕ್ಕೆ ಸರಿಹೊಂದಲಿ ಅಂತ ಮಾತ್ರ.

ಒಂದು ಒಳ್ಳೆಯ ಸುದ್ದಿ. ಈ ಸರಣಿಯನ್ನು ಊರೂರಲ್ಲಿ ಬಿಡುಗಡೆ ಮಾಡುತ್ತಿದ್ದಾರೆ. ನವೆಂಬರ್ 10ರಂದು ಚಾಮರಾಜನಗರದ ಒಂದು ಚಿನ್ನದಂಗಡಿಯವರು ಕಾರ್ಯಕ್ರಮ ಇಟ್ಟಿದ್ದಾರೆ. ಆದಿ ತಾಯಿಯನ್ನು ಹೋಲುವ ಹಿರಿಯ ಮಹಿಳೆಯೊಬ್ಬರು ಆ ಸೀಮೆಯಲ್ಲೇ ಇದ್ದಾರೆ ಅಂತ ನಾನು ಹೇಳಿದಾಗ ಅವರಿಗೆ ಬಹಳ ಇಷ್ಟವಾಯಿತು. ಸನ್ಮಾನ ಮಾಡಿ ಒಂದು ನಾಣ್ಯವನ್ನೂ ಕೊಡುತ್ತಾರಂತೆ. ನನ್ನ ಕೈಲಾದದ್ದು ಇದು.

ಆಗಸ್ಟಿನಲ್ಲಿ ನಾನು ಬರೆದ ಕಾಗದವನ್ನು ದಯವಿಟ್ಟು ಯಾರಿಗೂ ತೋರಿಸಬೇಡಿ. ಅದು ಸ್ನೇಹದಲ್ಲಿ ಬರೆದದ್ದು.

ಹಾರಿಸ್


ಗುಂಡ್ಲುಪೇಟೆ
4 ಅಕ್ಟೋಬರ್ 2024

ಹಾರಿಸ್,

'ಅವರಿಗೆ' ಅಂತ ಶುರು ಮಾಡಿದ್ದೀಯ. ವಕೀಲ ಕಲಿಸಿದ್ದಾ?

ನಿನ್ನ ಕಾಗದ ನನ್ನ ಹತ್ತಿರ ಇದೆ. 'ಹೌದು, ಸಿದ್ದವ್ವನೇ, ಮತ್ತಿನ್ಯಾರು' ಅಂತ ನಿನ್ನ ಕೈಬರಹದಲ್ಲೇ ಇದೆ. ಪೊಲೀಸ್ ಸ್ಟೇಷನ್ನಿಗೆ ಒಯ್ದರೆ ನಿನ್ನ ಕಂಪನಿಯ ವಿಜ್ಞಾನ ಅಲ್ಲೇ ಹರಿದುಬೀಳುತ್ತದೆ. ಸಂಘಟನೆಯವರು 'ಕೊಡು, ಜೆರಾಕ್ಸ್ ಮಾಡಿಸೋಣ' ಅಂದರು. ಕೊಡಲಿಲ್ಲ. ಕೇಳದೆ ಬಳಸಿಕೊಳ್ಳುವ ಕಸುಬು ನಿನ್ನದು, ನನ್ನದಲ್ಲ. ನೀನೇ ಬಂದು ನಿನ್ನ ಬಾಯಲ್ಲೇ ಹೇಳಬೇಕು. ಆ ಫೋಟೋವೂ ನಿನ್ನ ಹತ್ತಿರ ಮಾತ್ರ ಇದೆ. ನಮ್ಮಲ್ಲಿದ್ದ ಪೋಸ್ಟರುಗಳು ಮಳೆಗೆ ಒಂದಷ್ಟು, ಹಸುಗಳ ಬಾಯಿಗೆ ಒಂದಷ್ಟು ಹೋದವು.

ಮಗಳ ಶಾಲೆ, ಮನೆ, ಹೆಸರು ಎಲ್ಲ ಬರೆದಿದ್ದೀಯ. ನಿನ್ನ ಹೆಸರಿಗೆ ಬಾಗಿಲು ಮುಚ್ಚುವವರ ಮೇಲೆ ನನಗೆ ಸಿಟ್ಟಿಲ್ಲ ಅಂದುಕೊಂಡೆಯಾ? ಇದೆ. ಆದರೆ ಆ ಬಾಗಿಲು ತೆಗೆಸಿಕೊಳ್ಳಲು ನನ್ನ ಅವ್ವನ ತಲೆಯಿಂದ ಗುದ್ದಬೇಡ.

ಈಗ ಕೇಳು. ಅವ್ವ ನೋಡಿಬಿಟ್ಟಳು.

ನಾನು ಮುಚ್ಚಿಟ್ಟಿದ್ದೆ. ಶಿವಮಲ್ಲು ಅಂತ ಹೂವಿನ ಲೋಡು ಕೇರಳಕ್ಕೆ ಹೊಡೆಯುವ ಡ್ರೈವರ್ ಇದ್ದಾನೆ, ಅವನ ಫೋನಿಗೆ ಬಂತಂತೆ. ಹೊಲದ ಬದುವಿನ ಮೇಲೆ ನಿಂತು ತೋರಿಸಿದ್ದಾನೆ. 'ಸಿದ್ದಕ್ಕ, ನಿನ್ನ ಚಿನ್ನದಲ್ಲಿ ಒತ್ತವ್ರೆ ಕಣಕ್ಕ, ಇನ್ಮೇಲೆ ಕೂಲಿಗೆ ಯಾಕ್ ಬರ್ತೀಯೆ?' ಅಂತ. ಸಂಜೆ ಬಂದವಳು ನೀರು ಕುಡಿಯದೆ ಕೇಳಿದಳು.

'ನಿಂಗೆ ಗೊತ್ತಿತ್ತಾ?'

'ಗೊತ್ತಿತ್ತವ್ವ.'

'ಆರೀಸು ಮಾಡಿದ್ದಾ?'

'ಊಂ.'

ನಾನು ಕೋತಿ ಮಾತನ್ನು ಎತ್ತಿದೆ. ಆ ಮಕ್ಕಳು ನಕ್ಕದ್ದು ನನ್ನನ್ನು ಸುಡುತ್ತಿತ್ತು, ಅವಳನ್ನೂ ಅದೇ ಸುಡುತ್ತಿರಬೇಕು ಅಂದುಕೊಂಡೆ. ಅವಳು ನನ್ನನ್ನೇ ಬೈದಳು.

'ಕೋತಿಯಿಂದ ಬಂದೋಳು ನಾನೊಬ್ಳೆನಾ? ನೀನೆ ಏಳ್ಕೊಟ್ಟಿದ್ದಲ್ವಮ್ಮಿ ಎಲ್ಲಾರೂ ಅಲ್ಲಿಂದ್ಲೇ ಬಂದಿದ್ದು ಅಂತ? ಮೊಕ ಎಂಗಾರ ಮಾಡ್ಕಳ್ಲಿ. ರವಿಕೆ ಎಲ್ಲಿ?'

ನನಗೆ ಅರ್ಥವಾಗಲಿಲ್ಲ. ಆ ಕಾಲದಲ್ಲಿ ಬಟ್ಟೆ ಇರಲಿಲ್ಲ, ಅದಕ್ಕೆ ತೆಗೆದಿದ್ದಾರೆ ಅಂತ ನಿನ್ನ ವಿವರಣೆಯನ್ನೇ ಒಪ್ಪಿಸಿದೆ. ಪಾಠ ಮಾಡುವವಳಲ್ಲವಾ. ಅವಳು ಜಗುಲಿಯ ಕಂಬ ಹಿಡಿದು ಕೂತಳು.

'ಯಾವ್ ಕಾಲ್ದಲ್ಲಿ ಇರ್ಲಿಲ್ಲ? ನಮ್ಮವ್ವುನ್ ಕಾಲ್ದಲ್ಲೇ ಇರ್ಲಿಲ್ಲ ಕಣಮ್ಮಿ. ನಮ್ಮವ್ವ ಸಾಯೋಗಂಟ ಸೆರಗ್ನಲ್ಲೇ ಮುಚ್ಕಂಡು ತಿರುಗ್ದೋಳು. ತೊಟ್ಕಂಡು ಹೊಲಕ್ಕೆ ಓದ್ರೆ "ಏನೇ, ದೊರೆಸಾನಿ ಆಗ್ಬುಟ್ಯಾ" ಅಂತ ನಗ್ತಿದ್ರು. ನಾನು ಮೊದಲ್ನೆ ಕೂಲೀಲಿ ಸಂತೆಮರಳ್ಳಿ ಸಂತೇಲಿ ಬಟ್ಟೆ ತಕ್ಕಂಡೆ. ಅಲ್ಲೇ ಮರುದ್ ಕೆಳ್ಗೆ ಮಿಸಿನ್ ಇಟ್ಕಂಡು ಚಾಂದಕ್ಕ ಕೂತಿದ್ಲು. ಪಕ್ಕದಲ್ಲಿ ಅವಳ ಗಂಡ ಪಾತ್ರೆ ಮೇಲೆ ಹೆಸ್ರು ಕೊರೀತಿದ್ದ. ಬ್ಯಾರೆ ದರ್ಜಿಗೋಳು ನನ್ನ ಮುಟ್ಟಿ ಅಳ್ತೆ ತಗೀನಿಲ್ಲ, ದೂರದಿಂದ ಕಣ್ಣಲ್ಲೇ ಅಂದಾಜು ಮಾಡ್ತೀನಿ ಅಂದ್ರು. ಚಾಂದಕ್ಕ ಮಾತ್ರ ಮೈಗೆ ಟೇಪು ಇಟ್ಟು ಅಳದ್ಲು. "ಕೈ ಎತ್ತವ್ವ" ಅಂದ್ಲು. ನನ್ನ ಯಾರೂ ಅಂಗೆ ಮುಟ್ಟಿರ್ನಿಲ್ಲ. ಅವತ್ತಿಂದ ನನ್ನ ಎಲ್ಲ ರವಿಕೆನೂ ಅವ್ಳೇ ಒಲಿದಿದ್ದು. ತಾಲ್ಲೂಕಾಪೀಸು ಮುಂದೆ ತೊಟ್ಟಿದ್ನಲ್ಲ ಹಸ್ರುದು, ಅದೂವೆ. ಅವ್ಳ ಮಗ ಆರೀಸೇ ತಂದ್ಕೊಟ್ಟಿದ್ದು ಬಸ್ನಲ್ಲಿ.'

ಆಮೇಲೆ ಎದ್ದು ಹೋಗಿ ನೀರು ಕುಡಿದಳು.

ನಿನ್ನ ಅಮ್ಮಿ ಅಳತೆ ತೆಗೆದು ಹೊಲಿದದ್ದನ್ನು ನೀನು ಅಳತೆ ತೆಗೆದು ಬಿಚ್ಚಿದ್ದೀಯ ಹಾರಿಸ್. ಕಾಲಕ್ಕೆ ಸರಿಹೊಂದಲಿ ಅಂತ.

ಸನ್ಮಾನದ ಮಾತು ಇಲ್ಲಿಗೇ ಮುಗಿಯಿತು. ನಾವು ಬರುವುದಿಲ್ಲ. ನಿನ್ನಿಂದ ಬೇಕಾದ ಹೇಳಿಕೆಗೆ ಕಾಯುತ್ತಿದ್ದೇನೆ.

ಶಿವರಂಜಿನಿ


ಗುಂಡ್ಲುಪೇಟೆ
12 ನವೆಂಬರ್ 2024

ಹಾರಿಸ್,

ನೀನು ಉತ್ತರ ಬರೆಯಲಿಲ್ಲ. ಬಾಯಿ ಕಟ್ಟಿಹೋಗಿದೆ, ಒಳಗೊಳಗೇ ಬೇಯುತ್ತಿದ್ದಾನೆ ಅಂತ ನಿನ್ನ ಪರವಾಗಿ ನಾನೇ ನನಗೆ ಹೇಳಿಕೊಳ್ಳುತ್ತಿದ್ದೆ. ಮೊನ್ನೆ ನೋಡಿದರೆ ನೀನು ಚಾಮರಾಜನಗರದ ಆ ಸಭಾಂಗಣದ ಎರಡನೇ ಸಾಲಿನಲ್ಲಿ ಕೂತಿದ್ದೆ. ಕೊರಳಲ್ಲಿ ಕಂಪನಿಯ ಬ್ಯಾಡ್ಜು. ನಾನು ನಿನ್ನ ಕಡೆ ನೋಡಿದೆ. ನೀನು ನಿನ್ನ ಬೂಟು ನೋಡಿಕೊಂಡೆ.

ನಾವು ಬರುವುದಿಲ್ಲ ಅಂತ ಬರೆದಿದ್ದೆನಲ್ಲ, ಬಂದದ್ದು ಅವ್ವನ ಹಟ. ಅಂಗಡಿಯವರು ಕಾರು ಕಳಿಸಿ ಕರೆದಾಗ ನಾನು ಬಾಗಿಲಲ್ಲೇ ವಾಪಸ್ಸು ಕಳಿಸುತ್ತಿದ್ದೆ. ಅವಳು ಒಳಗಿಂದ 'ಓಗನ ಬುಡಮ್ಮಿ, ಕರ್ದವ್ರೆ' ಅಂದಳು. ನನಗೆ ಮೈ ಉರಿಯಿತು. ಒಂದು ಚಿನ್ನದ ಬಿಲ್ಲೆಗೆ ಇವಳೂ ಸೋತಳಾ ಅಂದುಕೊಂಡೆ, ಅಂದೂಬಿಟ್ಟೆ. ಅವಳು ಪೆಟ್ಟಿಗೆಯಿಂದ ಹಸಿರು ರವಿಕೆ ತೆಗೆದು ಕೊಡವುತ್ತಿದ್ದಳು. ಅವರ ಕಾರನ್ನು ಬಿಟ್ಟು ಬಸ್ಸಿಗೆ ಹತ್ತಿದಳು. ಜೊತೆಗೆ ಹೂವು ಬಿಡಿಸುವ ರಾಚಮ್ಮ ಮತ್ತು ಆ ಹೊಲದ ಇಡೀ ತಂಡ.

ಅಲ್ಲಿ ನಡೆದದ್ದನ್ನು ಬರೆಯುತ್ತೇನೆ. ಬೂಟು ನೋಡುತ್ತಿದ್ದವನಿಗೆ ಎಷ್ಟು ಕಂಡಿತೋ.

ವೇದಿಕೆಯ ಪಕ್ಕದಲ್ಲಿ ಆಳೆತ್ತರದ ಕಟೌಟ್ ನಿಲ್ಲಿಸಿದ್ದರು. ದೊಡ್ಡದಾಗಿ ಆದಿ ತಾಯಿ. ಬರಿಯ ಭುಜ, ತೆರೆದ ಬಾಯಿ. ಆ ಪಕ್ಕಕ್ಕೇ ಅವ್ವನನ್ನು ನಿಲ್ಲಿಸಿದರು. ನಿನ್ನ ಕಂಪನಿಯ ಸೂಟಿನವನು ಮೈಕಿನಲ್ಲಿ ಹೇಳಿದ: 'ವಿಜ್ಞಾನ ಕಂಡುಹಿಡಿದ ಮುಖ ಇಲ್ಲೇ, ನಿಮ್ಮ ಜಿಲ್ಲೆಯಲ್ಲೇ ಬದುಕಿದೆ. ಲಕ್ಷಾಂತರ ವರ್ಷವಾದರೂ ಈ ಜನ ಬದಲಾಗಿಲ್ಲ.' ಚಪ್ಪಾಳೆ ಬಿತ್ತು! ಹಾರಿಸ್, ಆ ಚಪ್ಪಾಳೆಯಲ್ಲಿ ನಿನ್ನ ಕೈಯೂ ಇತ್ತಾ? ನಾನು ನೋಡಲಿಲ್ಲ, ನೋಡುವ ಧೈರ್ಯ ಬರಲಿಲ್ಲ.

ಶಾಲು ಹೊದಿಸಿದರು. ಹಾರ ಹಾಕಿದರು. ಫೋಟೋದವರು ಮುಂದೆ ಬಂದರು. ನಿರೂಪಣೆ ಮಾಡುತ್ತಿದ್ದ ಹುಡುಗಿ ಅವ್ವನ ಕಿವಿಯ ಹತ್ತಿರ ಬಗ್ಗಿದಳು. ಮೈಕು ಕೈಯಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. 'ಅಜ್ಜೀ, ಒಂದ್ಸಲ ಬಾಯಿ ತೆಗ್ದು ಕೂಗಿ. ಅದೇ, ಕಾಯಿನ್‌ನಲ್ಲಿ ಇದ್ದಂಗೆ. ಫೋಟೋಗೆ.'

ಅವ್ವ ತುಟಿ ಮುಚ್ಚಿದಳು.

ನಿನಗೆ ಅವಳು ಗೊತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ಸಾವಿನ ಮನೆಯಲ್ಲಿ ಬಾಯಿ ಮುಚ್ಚದವಳು. ಅವತ್ತು ಹೊಲಿದ ಹಾಗೆ ಮುಚ್ಚಿದಳು. ಹುಡುಗಿ ಮತ್ತೆ ಕೇಳಿದಳು, ನಕ್ಕು ಕೇಳಿದಳು, ತಾನೇ ಬಾಯಿ ಅಗಲಿಸಿ ತೋರಿಸಿದಳು. ಅವ್ವ ಅವಳನ್ನು ಸುಮ್ಮನೆ ನೋಡಿದಳು. ಸೂಟಿನವನು ನನ್ನ ಕಡೆ ತಿರುಗಿ, 'ಅಮ್ಮನಿಗೆ ಕಿವಿ ಕೇಳ್ಸಲ್ವಾ?' ಅಂದ. ಕೆಳಗಿನಿಂದ ರಾಚಮ್ಮ ಕೂಗಿದಳು:

'ಅವ್ಳು ಬಾಯಿ ತೆಗುದ್ರೆ ನಿಮ್ ಅಂಗ್ಡಿ ಬಾಗ್ಲು ಮುಚ್ಬೇಕಾಯ್ತದೆ ಕಣಪ್ಪೋ. ಸುಮ್ಕಿರು!'

ಆಗ ಅವ್ವ ಹೆಗಲ ಮೇಲಿನ ಶಾಲು ತೆಗೆದಳು. ಕೊಡವಿದಳು. ಕಟೌಟಿನ ಹತ್ತಿರ ಹೋಗಿ, ಕಾಲ್ಬೆರಳಲ್ಲಿ ನಿಂತು, ಆ ಬರಿಯ ಭುಜಕ್ಕೆ ಹೊದಿಸಿದಳು. ಜಾರಿತು. ಮತ್ತೆ ಹೊದಿಸಿ, ತನ್ನ ರವಿಕೆಯ ಪಿನ್ನು ಬಿಚ್ಚಿ ಕುತ್ತಿಗೆಯ ಹತ್ತಿರ ಸಿಕ್ಕಿಸಿದಳು. ನಾಣ್ಯದ ಡಬ್ಬಿ ಮೇಜಿನ ಮೇಲೇ ಇತ್ತು, ಅದರ ಕಡೆ ತಿರುಗಲೂ ಇಲ್ಲ. ಒಂದು ಮಾತೂ ಆಡದೆ ಇಳಿದು ಬಂದಳು.

ಅವಳು ಇಳಿದ ಮೇಲೆ ನಾವು ಬಾಯಿ ತೆಗೆದೆವು. ಅದು ನಿನಗೆ ಕೇಳಿಸಿಲ್ಲ, ಯಾಕೆಂದರೆ ಪಿನ್ನು ಹಾಕುವ ಹೊತ್ತಿಗೇ ನೀನು ಎದ್ದು ಹೊರಗೆ ಹೋಗಿದ್ದೆ. ಪೊಲೀಸರು ಬಂದರು, ನಮ್ಮನ್ನು ಹೊರಗೆ ತಳ್ಳಿದರು, ರಾಚಮ್ಮನ ಬಳೆ ಒಡೆಯಿತು.

ನೇರ ಸ್ಟೇಷನ್ನಿಗೆ ಹೋಗಿ ದೂರು ಬರೆದುಕೊಟ್ಟಿದ್ದೇವೆ. ಇನ್‌ಸ್ಪೆಕ್ಟರ್ ಹೇಳಿದ್ದು: 'ಮೇಡಂ, ಅವರು ಹೋಲಿಕೆ ಅಂತಾರೆ, ನೀವು ತಾಯಿ ಅಂತೀರ. ಮಾಡಿದವನು ಬಂದು ಹೇಳಿದ್ರೆ ಮುಂದಕ್ಕೆ ಹೋಗುತ್ತೆ.'

ಇದು ನಿನಗೆ ನನ್ನ ಕೊನೆಯ ಕಾಗದ. ಮಾಡಿದವನು ಬರುತ್ತಾನೋ ಇಲ್ಲವೋ ನೋಡುತ್ತೇನೆ.

ಶಿವರಂಜಿನಿ


ಚಾಮರಾಜನಗರ
3 ಡಿಸೆಂಬರ್ 2024

ರಂಜು,

ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ. ಆದರೂ ಕಾಗದವೇ ಬರೆಯುತ್ತಿದ್ದೇನೆ. ಎದುರಿಗೆ ಬರುವ ಮುಖ ಇನ್ನೂ ಸಿಕ್ಕಿಲ್ಲ.

ಅವತ್ತು ಎದ್ದು ಹೊರಗೆ ಹೋದದ್ದು ಸಿಟ್ಟಿನಿಂದ, ಪ್ರತಿಭಟನೆ ಅಂತ ಬರೆಯಲು ಕೂತೆ. ಸುಳ್ಳು. ಓಡಿಹೋದೆ. ಚಪ್ಪಾಳೆಯ ಬಗ್ಗೆ ಕೇಳಿದ್ದೀಯ. ಹೌದು, ಹೊಡೆದೆ. ಪಕ್ಕದವರು ಹೊಡೆದರು, ನನ್ನ ಕೈಯೂ ಹೊಡೆಯಿತು.

ಮುಂಬೈಗೆ ಹೋಗಿ ಸಹಿ ವಾಪಸ್ಸು ಬೇಕು ಅಂದೆ. 'ಹೋಲಿಕೆ ಅಂತ ನೀನೇ ಒಪ್ಪಿದ್ದೀಯಲ್ಲ' ಅಂದರು. ಒಪ್ಪಿದ್ದು ಸುಳ್ಳು ಅಂದೆ. 'ಆ ಹೆಂಗಸಿಗೆ ಎಷ್ಟು ಬೇಕಂತೆ?' ಅಂತ ಕೇಳಿದರು. ಅಷ್ಟು ವರ್ಷ ಅವರ ಜೊತೆ ಕೂತು ಊಟ ಮಾಡಿದ್ದೆ. ಕಲೆಗಾರ ಅಂತ ಕರೆಯುತ್ತಿದ್ದರು. ಜಗಳ ಮುಗಿಯುವ ಹೊತ್ತಿಗೆ 'ನಿಮ್ಮ ಜನ ಯಾವತ್ತಿದ್ದರೂ ಇಷ್ಟೇ' ಅಂದರು. ಈ ಜನ, ನಿಮ್ಮ ಜನ. ಅವರ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬರುತ್ತದೆ! ವೇದಿಕೆಯ ಮೇಲೆ ಸಿದ್ದವ್ವನಿಗೆ ಅಂದಾಗ ನನಗೆ ಕೇಳಿಸಲಿಲ್ಲ, ನನಗೇ ಅಂದಾಗ ಕೇಳಿಸಿತು.

ಮೊನ್ನೆ ಇಲ್ಲಿಯ ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಟ್ಟೆ. ಈ ಮುಖ ಪುಟ್ಟಸಿದ್ದಮ್ಮ ಅವರದು. ನಾನು ತೆಗೆದ ಫೋಟೋ ನೋಡಿ ನಾನೇ ಮಾಡಿದೆ. ಅವರನ್ನು ಕೇಳಲಿಲ್ಲ. ಬಟ್ಟೆ ತೆಗೆದದ್ದು ನಾನು. ಫೋಟೋ ಕೊಟ್ಟಿದ್ದೇನೆ. ಆ ಹೊತ್ತಿನಲ್ಲಿ ಅವರು ಏನು ಹೇಳುತ್ತಿದ್ದರು ಅಂತಲೂ ಬರೆಸಿದ್ದೇನೆ.

ಕಂಪನಿ ಆ ಒಂದು ನಾಣ್ಯವನ್ನು ಮಾರಾಟದಿಂದ ತೆಗೆದಿದೆ. 'ತಾಂತ್ರಿಕ ಕಾರಣ' ಅಂತ ಹಾಕಿದ್ದಾರೆ. ಉಳಿದ ನಾಲ್ಕು ಮಾರಾಟವಾಗುತ್ತಿವೆ. ನನ್ನ ಕೆಲಸ ಹೋಯಿತು. ಪರೀಕ್ಷೆಗೆ ಅಂತ ಒತ್ತಿದ ಒಂದು ತಾಮ್ರದ ಬಿಲ್ಲೆ ನನ್ನ ಚೀಲದಲ್ಲಿ ಉಳಿದಿದೆ, ಅದೇ ಮುಖದ್ದು. ಏನು ಮಾಡಲಿ ಅಂತ ತಿಳಿಯುತ್ತಿಲ್ಲ. ಕರಗಿಸಲು ಕೈ ಬರುತ್ತಿಲ್ಲ.

ಇಲ್ಲಿ ಅಮ್ಮಿಯ ಮನೆಯಲ್ಲಿದ್ದೇನೆ. ಅವಳಿಗೆ ಕಣ್ಣು ಈಗ ಸರಿಯಾಗಿ ಕಾಣುವುದಿಲ್ಲ. ನಾಣ್ಯ ಬಂದ ಹೊಸದರಲ್ಲಿ ಮಗ ಚಿನ್ನಕ್ಕೆ ಮುಖ ಕೊಟ್ಟ ಅಂತ ಬೀದಿಗೆಲ್ಲ ಶೀರಾ ಹಂಚಿದ್ದಳಂತೆ. ಯಾರ ಮುಖ ಅಂತ ಅವಳಿಗೆ ಹೇಳಿಲ್ಲ. ಕೆಲಸ ಬಿಟ್ಟು ಬಂದೆ ಅಂತ ಮಾತ್ರ ಹೇಳಿದ್ದೇನೆ.

ಸಿದ್ದವ್ವನ ಕಾಲಿಗೆ ಬೀಳಬೇಕು ರಂಜು. ಯಾವತ್ತು ಬರಲಿ?

ಹಾರಿಸ್


ಗುಂಡ್ಲುಪೇಟೆ
15 ಡಿಸೆಂಬರ್ 2024

ಹಾರಿಸ್, ಇದು ನನ್ನ ಕಾಗದವಲ್ಲ. ಅವ್ವ ಹೇಳಿದಳು, ಹೇಳಿದ ಹಾಗೇ ಬರೆದಿದ್ದೇನೆ. ರಂಜಿನಿ.

ಆರೀಸೂ,

ನೀ ಬರ್ದಿದ್ನ ರಂಜಿ ಓದಿ ಏಳಿದ್ಲು. ಇನ್ನೊಂದ್ಸಲ ಓದು ಅಂತ ಓದ್ಸಿದೆ.

ಟೇಸನ್‌ನಲ್ಲಿ ಅದು ನನ್ನ ಮೊಕ ಅಂತ ಏಳಿದ್ಯಂತೆ. ಆಯ್ತು. ಇನ್‌ಸ್ಪೆಟ್ರು ನನ್ನೂ ಕರ್ಸಿದ್ರು, ಆ ಪೋಟೋ ಮುಂದೆ ಮಡಗಿ 'ಇದು ನೀನೇನಮ್ಮ' ಅಂದ್ರು. 'ನಾನಲ್ದೆ ನಿಮ್ಮವ್ವನಾ' ಅಂದೆ. ರಂಜಿ ಕೈ ಹಿಸುಕಿದ್ಲು. ಕೇಸು ನಡೀಲಿ. ಕೋರ್ಟಿಗೆ ಕರುದ್ರೆ ಅಲ್ಲೂ ಬಂದು ನಿಂತ್ಕಂಡು ಏಳ್ಬೇಕು ನೀನು, ನಡುವೆ ಬೂಟು ಗೀಟು ನೋಡ್ಕಂಡ್ರೆ ನೋಡು. ನನ್ನ ಮೊಕ ನಂದು ಅಂತ ಏಳಿದ್ದಕ್ಕೆ ನಾನೇನು ನಿಂಗೆ ಶಾಲು ಹೊದುಸ್ಬೇಕಾಗಿಲ್ಲ.

ಕೆಲ್ಸ ಓಯ್ತು ಅಂದೆ. ಮಗೀನ ಸ್ಕೂಲು ಏನ್ ಮಾಡ್ದೆ? ಅದು ಬರಿನಿಲ್ಲ ನೀನು. ಎಡ್ತಿ ಮಗೀನ ಅಲ್ಲೇ ಬುಟ್ಟು ಬಂದು ಇಲ್ಲಿ ಅಳ್ತಾ ಕೂತಿದ್ದಿಯಾ? ಪಾತ್ರೆ ಮೇಲೆ ಹೆಸ್ರು ಕೊರಿಯೋದು ನಿಮ್ಮಪ್ಪ ಕಲಿಸ್ನಿಲ್ವಾ? ಕೈ ಅಂತೂ ಅದೆ.

ಕಾಲಿಗ್ ಬೀಳ್ತೀನಿ ಅಂದಿದ್ದೀಯ. ಬರ್ಬ್ಯಾಡ. ನನ್ನ ಕಾಲಿಗೆ ಬಿದ್ದು ಎದ್ದು ಧೂಳು ಕೊಡುವ್ಕಂಡು ಓಗೋದು ಸುಲ್ಬ ಕಣ್ಲಾ. ಆ ಸೂಟ್ನೋನೂ ಬಿದ್ದಾನು, ಪೋಟೋದೋರು ಇದ್ರೆ.

ಚಾಂದಕ್ಕಂಗೆ ಏಳಿಲ್ಲ ಅಂತ ಬರ್ದಿದ್ದೀಯಲ್ಲ, ಅದು ಕೇಳಿ ನಂಗೆ ಮೈಯೆಲ್ಲ ಉರ್ದೋಯ್ತು. ಲೋಕಕ್ಕೆಲ್ಲ ಏಳ್ದೆ, ಪೋಲೀಸ್ಗೆ ಏಳ್ದೆ, ರವಿಕೆ ಒಲ್ದೋಳ್ಗೆ ಏಳ್ನಿಲ್ವಾ? ಕಣ್ಣು ಕಾಣ್ದೋಳು ಅಂತಾವಾ?

ತಾಮ್ರದ ಬಿಲ್ಲೆ ಏನ್ ಮಾಡ್ಲಿ ಅಂದೆ. ಅವಳ ಕೈಗ್ ಕೊಡು. ಕಣ್ಣು ಓದ್ರೂ ಬೆಳ್ಳು ಓಗಿಲ್ಲ ಅವ್ಳುದು. ಇದು ಸಿದ್ದಿ ಕಣಮ್ಮಾ ಅಂತ ಏಳು. ಸವ್ರಿ ನೋಡ್ಲಿ. ಹುಬ್ಬು ಸಿಕ್ತದೆ, ಹಲ್ಲು ಸಿಕ್ತದೆ, ನಾನೇ ಅಂತ ಅವ್ಳಿಗೆ ಗೊತ್ತಾಯ್ತದೆ. ಆಮೇಲೆ ಬೆಳ್ಳು ಕೆಳಕ್ಕೆ ಇಳ್ಸಿ ಭುಜದ ಮೇಲೆ ತಾನು ಹಾಕಿದ ಹೊಲಿಗೆ ಹುಡುಕ್ತಾಳೆ. ಸಿಕ್ಕಕಿಲ್ಲ. 'ಎಲ್ಲೋ' ಅಂತ ಕೇಳ್ತಾಳೆ. ಆಗ ಏಳು, ನೀನು ಏನ್ ಮಾಡ್ದೆ ಅಂತ.

ಅವ್ಳು ಕೈಗ್ ಸಿಕ್ಕಿದ್ರಲ್ಲಿ ಬಾರ್ಸಿದ್ರೆ ನಾನು ಬುಡ್ಸಕೆ ಬರಕಿಲ್ಲ.

ಪುಟ್ಟಸಿದ್ದಮ್ಮ